ಹೂಂ ಅನ್ನುವವಳು

ಆ ದಿನ ಬೆಳಿಗ್ಗೆ ಮಂಜು ಕವಿದಿತ್ತು. ಮಂಜೆಂದರೆ ಎಂಥ ಮಂಜು! ಬಸ್ಸಿಳಿದ ಹಿರಿಸೊಸೆಗೆ ಕೈಯಲ್ಲಿದ್ದ ಊಟದ ಡಬ್ಬಿ ಕಂಡರೆ ಕಾಲಲ್ಲಿದ್ದ ಚಪ್ಪಲಿ ಕಾಣುತ್ತಿರಲಿಲ್ಲ. ಹೊತ್ತು ಮೇಲೇರಿದ್ದರೂ ಬೀದಿದೀಪಗಳು ಆರಿರಲಿಲ್ಲ. ಗೋಡೆ ಸವರುತ್ತ ಟೈರ್ ಅಂಗಡಿಯ ಮುಂದೆ ಬಂದಾಗ ಅಲ್ಲೊಂದು ಸಣ್ಣ ಗುಂಪು ಕತ್ತು ಮೇಲೆತ್ತಿ ನಿಂತಿತ್ತು.

"ಬೋರ್ಡ್ ಇಲ್ಲ! ರಾತ್ರೋರಾತ್ರಿ ಬಿಚ್ಕೊಂಡು ಹೋಗಿದಾರೆ. ನಾನು ಹೇಳಿರ್ಲಿಲ್ವಾ?"

ಹೀಗೆ ಕೂಗಿದವನು ಹವಾಮಾನ. ಅವನ ನಿಜವಾದ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಉಪಕಚೇರಿ ಯಾವಾಗ ಮುಚ್ಚುತ್ತದೆ, ಕೆಲಸ ಯಾವ ಹೊರಗಿನವರ ಪಾಲಾಗುತ್ತದೆ ಎಂದು ದಿನಕ್ಕೊಂದು ಮುನ್ಸೂಚನೆ ಕೊಡುತ್ತಿದ್ದುದರಿಂದ ಆ ಹೆಸರು ಅವನಿಗೆ ಅಂಟಿಕೊಂಡಿತ್ತು. ಶೌಚಾಲಯದ ಸೋಪು ಸಣ್ಣದಾದರೆ ಮುಚ್ಚುವ ಲಕ್ಷಣ. ಕೆಟ್ಟ ಫ್ಯಾನಿಗೆ ರಿಪೇರಿಯವನು ಬರದಿದ್ದರೆ ಮುಚ್ಚುವ ಲಕ್ಷಣ. ಅಪ್ಪಿತಪ್ಪಿ ಬಂದರೆ, "ಮಾರೋ ಮುಂಚೆ ಮನೆಗೆ ಸುಣ್ಣ ಹೊಡೀತಾರಲ್ಲ, ಹಂಗೆ" ಎಂದು ಅದೂ ಮುಚ್ಚುವ ಲಕ್ಷಣವೇ.

ಟೈರ್ ಅಂಗಡಿಯ ಮೇಲಿನ ಮಹಡಿಯೇ ಉಪಕಚೇರಿ. ನೀರು ಕಾಯಿಸುವ ಯಂತ್ರ ಮಾಡುವ ಕಂಪನಿ. ಅದರ ದೊಡ್ಡ ಕಚೇರಿ ಎಲ್ಲೋ ದೂರದಲ್ಲಿ. ಯಂತ್ರ ಕೆಟ್ಟು ಜನ ಬೈಯುವ ಫೋನು ಮಾತ್ರ ಈ ಮಹಡಿಗೆ ಬರುತ್ತಿತ್ತು. ಹನ್ನೊಂದು ವರ್ಷದಿಂದ ಹಿರಿಸೊಸೆ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ನಿಮ್ಮ ದೂರು ದಾಖಲಾಗಿದೆ ಸರ್" ಎನ್ನುತ್ತ ಮನೆಯ ಒಲೆ ಉರಿಸಿದ್ದಳು.

ಮಂಜು ಹರಿಯುವವರೆಗೆ ಯಾರೂ ಮೆಟ್ಟಿಲು ಹತ್ತಲಿಲ್ಲ. ಮೊದಲು ಬೋರ್ಡಿನ ಒಂದು ಮೂಲೆ ಕಂಡಿತು, ಆಮೇಲೆ ಕಂಪನಿಯ ಹೆಸರಿನ ಕೊನೆಯ ಅಕ್ಷರ, ಆಮೇಲೆ ಇಡೀ ಬೋರ್ಡು. ಎಲ್ಲರೂ ನಕ್ಕರು. ಬೇಕಾದ್ದಕ್ಕಿಂತ ಜೋರಾಗಿಯೇ ನಕ್ಕರು.

ಮೇಲೆ ಹೋದರೆ ಮ್ಯಾನೇಜರು ಹಳಬರಾದ ನಾಲ್ವರನ್ನು ಒಳಗೆ ಕರೆದು ಹೊಸ ಕೆಲಸ ಒಪ್ಪಿಸಿದರು. ಯಾವುದೋ ಏಜೆನ್ಸಿ ಫೋನಿಗೆ ಉತ್ತರಿಸಲು ಜನರನ್ನು ತಯಾರು ಮಾಡುತ್ತಿದೆಯಂತೆ. ಏಜೆನ್ಸಿಯವರೇ ಗ್ರಾಹಕರಂತೆ ನಟಿಸಿ ಬೈಯುತ್ತಾರೆ, ಕಲಿಯುವವರು ಉತ್ತರ ಕೊಡುತ್ತಾರೆ. ಆ ಮಾತುಕತೆ ಕೇಳಿ ಅಂಕ ಹಾಕಬೇಕು. ಹೆಸರಿಲ್ಲ, ಬರೀ ಸಂಖ್ಯೆ. ಸ್ಪಷ್ಟತೆ, ವಿನಯ, ಅನಗತ್ಯ ಶಬ್ದ, ಗ್ರಾಹಕರ ಸಮಾಧಾನ – ಹೀಗೆ ನಾಲ್ಕು ಕಲಮು.

"ಯಾಕೆ ಸರ್ ಇದು?" ಎಂದ ಹವಾಮಾನ.

"ಮೇಲಿನವರು ಕೇಳಿದಾರೆ, ಅಷ್ಟೇ" ಎಂದರು ಮ್ಯಾನೇಜರು, ಅವನ ಮುಖ ನೋಡದೆ.

ಹೊರಗೆ ಬಂದ ಮೇಲೆ ನೀರಿನ ಕ್ಯಾನಿನ ಹತ್ತಿರ ಹವಾಮಾನ ದನಿ ತಗ್ಗಿಸಿದ. "ನಮ್ಮ ಕೈಯಲ್ಲೇ ನಮ್ಮ ಜಾಗಕ್ಕೆ ಜನ ಆರಿಸ್ತಿದಾರೆ. ತಿಳ್ಕೊಳ್ರೀ. ಆ ಕಡೆಯವರು ಪಾಸಾದ್ರೆ ಈ ಕಡೆ ಬೀಗ. ಫೇಲಾದ್ರೆ ನಾವು ಇನ್ನಷ್ಟು ವರ್ಷ ಬದುಕ್ಕೋಬಹುದು. ಎಲ್ಲರೂ ಸ್ವಲ್ಪ ಕೈ ಬಿಗಿ ಹಿಡೀರಿ."

ಉಳಿದವರು ಲೋಟ ತೊಳೆದಿಟ್ಟು ತಮ್ಮ ತಮ್ಮ ಕುರ್ಚಿಗೆ ಹೋದರು.

*

ಸಂಜೆ ಮನೆ ಸೇರುವಾಗ ಹಿರಿಸೊಸೆಯ ನಾಲಿಗೆಯ ತುದಿಯಲ್ಲಿ ಈ ಸುದ್ದಿಯೆಲ್ಲ ಇತ್ತು. ಅಡುಗೆಮನೆಯ ಬಾಗಿಲಲ್ಲಿ ಅವಳ ಕಾಲು ನಿಂತಿತು. ಒಳಗೆ ಅತ್ತೆ ಮೋರಿಯ ಕಟ್ಟೆಯ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದರು. ಹಿರಿಸೊಸೆಯ ಮಗಳು, ಹೈಸ್ಕೂಲಿನ ಹುಡುಗಿ, ಚಿಕ್ಕಮ್ಮನ ಬೆನ್ನಿಗೆ ಒರಗಿ, ನಡುನಡುವೆ ಅವಳ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತ ಕುಳಿತಿದ್ದಳು. ಚಿಕ್ಕಮ್ಮ ಎಂದರೆ ಈ ಮನೆಯ ಕಿರಿಸೊಸೆ, ಆಲೂಗಡ್ಡೆ ಹೆಚ್ಚುತ್ತಿದ್ದಳು. ಅತ್ತೆ ತವರೂರಿನ ಯಾವನೋ ಕುಂಬಾರನ ಕಥೆ ಹೇಳುತ್ತಿದ್ದರು. ಹೆಂಡತಿಯ ಮೇಲೆ ಮುನಿಸಿಕೊಂಡು ಮಾತು ಬಿಟ್ಟು, ಮಡಕೆಯ ಜೊತೆ ಮಾತಾಡುತ್ತಿದ್ದವನ ಕಥೆ. ಈ ಮನೆಯಲ್ಲಿ ಆ ಕುಂಬಾರ ನೂರಾರು ಸಲ ಮುನಿಸಿಕೊಂಡಿದ್ದ.

"ಕೊನೆಗೆ ಅವಳು ಏನು ಮಾಡಿದ್ಲು ಗೊತ್ತಾ?"

"ಹೂಂ?" ಎಂದಳು ಕಿರಿಸೊಸೆ. ಮೇಲಕ್ಕೇರುವ ಹೂಂ.

"ತಾನೇ ಹೋಗಿ ಮಡಕೆಯೊಳಗೆ ಬಾಯಿಟ್ಟು, 'ಊಟಕ್ಕೆ ಬರ್ತೀರಾ?' ಅಂದ್ಲು."

"ಹೂಂ..." ನಗುವನ್ನು ತಡೆದುಕೊಂಡ ಹೂಂ. ಅತ್ತೆಗೆ ಅಷ್ಟೇ ಸಾಕು. ಬಟಾಣಿ ಚೆಲ್ಲಿ ಹೋಗುವಂತೆ ನಕ್ಕರು.

"ಅಮ್ಮ ಬಂದ್ಲು" ಎಂದಳು ಮಗಳು. ನಗು ನಿಂತಿತು. ಯಾರೂ ನಿಲ್ಲಿಸಿದ್ದಲ್ಲ, ತಾನಾಗಿ ನಿಂತಿತು.

"ಏನೋ ಚಿಕ್ಕಮ್ಮನ ಕಿವೀಲಿ ಹೇಳ್ತಿದ್ದೆಯಲ್ಲ, ಏನದು?" ಎಂದು ಹಿರಿಸೊಸೆ ಮಗಳನ್ನು ಕೇಳಿದಳು.

"ಏನಿಲ್ಲ."

"ನಂಗೂ ಹೇಳಬಹುದಲ್ಲ?"

"ನಿಂಗೆ ಹೇಳಿದ್ರೆ 'ದೂರು ದಾಖಲಾಗಿದೆ' ಅನ್ನೋ ಮುಖ ಮಾಡ್ತೀಯಮ್ಮ."

ಅತ್ತೆ ಕಿಸಕ್ಕೆಂದರು. ಕಿರಿಸೊಸೆ ನಗಲಿಲ್ಲ. ಬೇಗ ಎದ್ದು ಚಹಾ ಸೋಸಿ ಲೋಟ ಕೈಗೆ ಕೊಟ್ಟಳು. ಆ ನಗದಿರುವಿಕೆಯೇ ಹಿರಿಸೊಸೆಗೆ ಹೆಚ್ಚು ಚುಚ್ಚಿತು. ಇವಳಿಗೆ ನನ್ನ ಮೇಲೆ ಕನಿಕರ ಬೇರೆ!

ಊಟಕ್ಕೆ ಕುಳಿತಾಗ ಕಿರಿಸೊಸೆಯೇ ಮಾತು ತೆಗೆದಳು. ಅವಳ ಗಂಡ ಬಡಗಿ. ಮಣಿಕಟ್ಟು ಮುರಿದು ಎರಡು ತಿಂಗಳಿಂದ ಉಳಿ ಹಿಡಿದಿರಲಿಲ್ಲ. "ಅಕ್ಕ, ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಏಜೆನ್ಸಿ ಇದೆಯಲ್ಲ, ಮಧ್ಯಾಹ್ನ ಅಲ್ಲಿಗೆ ಹೋಗ್ತಿದೀನಿ. ಫೋನಲ್ಲಿ ಮಾತಾಡೋ ಕೆಲಸವಂತೆ. ಮೂರು ವಾರ ಪರೀಕ್ಷೆ. ಆಯ್ಕೆಯಾದ್ರೆ ಸಂಬಳ."

ಹಿರಿಸೊಸೆಯ ಕೈಯ ತುತ್ತು ಬಾಯಿಗೆ ಹೋಗಲಿಲ್ಲ. "ಯಾವ ಕಂಪನಿಗೆ?"

"ಕೆಲಸ ಸಿಕ್ಕ ಮೇಲೇ ಹೇಳ್ತಾರಂತೆ. ನಂಗೆ ನಿಮ್ಮಷ್ಟು ಬರುತ್ತಾ? ಆದ್ರೂ ನೋಡೋಣ ಅಂತ."

"ಬರುತ್ತೆ ಬಿಡು, ಬಾಯಿದ್ದವರಿಗೆಲ್ಲ ಬರುತ್ತೆ" ಎಂದಳು ಹಿರಿಸೊಸೆ. ತನ್ನ ಹನ್ನೊಂದು ವರ್ಷವನ್ನು ತಾನೇ ಇಷ್ಟು ಅಗ್ಗಕ್ಕೆ ಮಾರಿದೆನಲ್ಲ ಎಂದು ಆಮೇಲೆ ಅನಿಸಿತು. ಕಚೇರಿ ಮುಚ್ಚುವ ಮಾತನ್ನು ಆ ರಾತ್ರಿ ಅವಳು ಎತ್ತಲೇ ಇಲ್ಲ.

*

ಮಾರನೆಯ ದಿನ ಏಳನೇ ಸಂಖ್ಯೆಯ ಮಾತುಕತೆ ಅವಳ ಪಾಲಿಗೆ ಬಂತು. ಗ್ರಾಹಕನ ವೇಷದ ಗಂಡಸು ಕಿವಿ ತೂತಾಗುವಂತೆ ಕಿರುಚುತ್ತಿದ್ದ. ಯಂತ್ರ ತಂದು ಎಂಟು ದಿನವಾಗಿಲ್ಲ, ಮನೆಯಲ್ಲಿ ಹಸುಗೂಸಿದೆ, ತಣ್ಣೀರಲ್ಲಿ ಮೀಯಿಸಲೇ?

"ಹೂಂ" ಎಂದಿತು ಒಂದು ಹೆಣ್ಣುದನಿ.

ಹಿರಿಸೊಸೆ ಅಡುಗೆಮನೆಯಲ್ಲಿ ದಿನಾ ಕೇಳುವ ಹೂಂ. ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು.

"ನಿಮ್ಮವರನ್ನ ಕರೆದ್ರೆ ನಾಳೆ ಅಂತಾರೆ, ನಾಡಿದ್ದು ಅಂತಾರೆ!"

"ಹೂಂ... ಮಗೂಗೆ ಎಷ್ಟು ತಿಂಗಳು?"

ಗಂಡಸು ಒಂದು ಕ್ಷಣ ತಡವರಿಸಿದ. ನಟಿಸಲು ಕೊಟ್ಟ ಮಾತಿನಲ್ಲಿ ಮಗುವಿನ ವಯಸ್ಸು ಇರಲಿಲ್ಲವೇನೋ. "ಮೂ... ಮೂರು" ಎಂದ. ಆಮೇಲೆ ಅವನ ಬೈಗುಳ ತಾನಾಗಿ ಇಳಿಯಿತು. ದನಿ ಇಳಿಯಿತು. ಕೊನೆಗೆ, "ಆಯ್ತಮ್ಮ, ಸಂಜೆ ಒಳಗೆ ಕಳಿಸು" ಎಂದು ನಕ್ಕೇಬಿಟ್ಟ. ಹನ್ನೊಂದು ವರ್ಷದಲ್ಲಿ ಹಿರಿಸೊಸೆಯ ಫೋನಿನಲ್ಲಿ ಹೀಗೆ ನಕ್ಕವರು ಯಾರೆಂದು ನೆನೆದರೆ ಒಬ್ಬರೂ ನೆನಪಿಗೆ ಬರಲಿಲ್ಲ.

ಅನಗತ್ಯ ಶಬ್ದದ ಕಲಮಿನಲ್ಲಿ 'ಹೂಂ, ಹಾಂ ಇತ್ಯಾದಿ' ಎಂದು ಸ್ಪಷ್ಟವಾಗಿಯೇ ಇತ್ತು. ಅಲ್ಲಿ ಅಂಕ ಕತ್ತರಿಸಿದಳು, ಅದು ನಿಯಮ. ಆಮೇಲೆ ಮೌಸು ಗ್ರಾಹಕರ ಸಮಾಧಾನದ ಕಲಮಿಗೆ ಹೋಯಿತು. ನಗು ಇನ್ನೂ ಕಿವಿಯಲ್ಲಿತ್ತು. ಅವಳು ಅಲ್ಲಿ ಸೊನ್ನೆ ಒತ್ತಿದಳು. ಅದು ನಿಯಮವಾಗಿರಲಿಲ್ಲ.

"ಹೆಂಗಿದೆ ಏಳು?" ಎಂದು ಹವಾಮಾನ ಪಕ್ಕದಿಂದ ಇಣುಕಿದ.

"ಸುಮಾರು."

"ಭೇಷ್."

ಆ ವಾರ ಏಳನೇ ಸಂಖ್ಯೆಯ ಐದು ಮಾತುಕತೆ ಬಂದವು. ಐದಕ್ಕೂ ಸಮಾಧಾನ ಸೊನ್ನೆ. ದಿನಾ ಬಸ್ಸಿನಲ್ಲಿ ಕುಳಿತು ಅವಳು ತನಗೆ ತಾನೇ ಹೇಳಿಕೊಂಡಳು: ಕಚೇರಿ ಉಳಿಯಬೇಕಲ್ಲ, ಮಗಳ ಫೀಸು ಕಟ್ಟಬೇಕಲ್ಲ, ಎಲ್ಲರೂ ಕೈ ಬಿಗಿ ಮಾಡಿಲ್ಲವೇ? ಬೇರೆ ಸಂಖ್ಯೆಗಳಿಗೆ ಮಾತ್ರ ಅವಳ ಕೈ ಅಷ್ಟು ಬಿಗಿಯಾಗಿರಲಿಲ್ಲ.

*

ಶನಿವಾರ ಬಟ್ಟೆ ಒಣಹಾಕುವಾಗ ಕಿರಿಸೊಸೆ ಹಗ್ಗದ ಆ ಕಡೆಯಿಂದ ಮೆಲ್ಲಗೆ ಹೇಳಿದಳು. "ಅಕ್ಕ, ಮಾರ್ಕು ತೀರಾ ಕಡಿಮೆ ಬಂದಿದೆ. ಎಲ್ಲರಿಗಿಂತ ಕೊನೆ. ಯಾರು ಕೇಳ್ತಾರೋ ಏನೋ, ನಂದು ಒಂದೂ ಅವರಿಗೆ ಹಿಡಿಸಿಲ್ಲ."

ಹಿರಿಸೊಸೆ ದುಪ್ಪಟಿ ಕೊಡವಿದಳು.

"ನೀವು ಇಷ್ಟು ವರ್ಷ ಮಾಡಿದೀರ. ಒಂದು ಸ್ವಲ್ಪ ಹೇಳಿಕೊಡಿ ಅಕ್ಕ. ನಿಮ್ಮ ಬಿಟ್ರೆ ಯಾರನ್ನ ಕೇಳ್ಲಿ?"

ದುಪ್ಪಟಿ ನಡುವೆ ಇದ್ದದ್ದು ಒಳ್ಳೆಯದೇ ಆಯಿತು. ಒಬ್ಬರ ಮುಖ ಒಬ್ಬರಿಗೆ ಕಾಣಲಿಲ್ಲ.

"ಮೊದಲು ಆ ಹೂಂ ಅನ್ನೋದು ಬಿಡು" ಎಂದಳು ಹಿರಿಸೊಸೆ. "ಅದು ಹಳ್ಳಿ ಕಟ್ಟೆ ಮೇಲಿನ ಮಾತು. ಅವರು ಹೇಳ್ತಿರುವಾಗ ಬಾಯಿಗೆ ಬೀಗ ಹಾಕು. ಮುಗಿದ ಮೇಲೆ 'ಸರಿ ಸರ್', 'ಸರಿ ಮೇಡಂ'. ಮಗು, ಮನೆ ಅಂತ ವಿಚಾರಿಸೋದೂ ಬೇಡ."

"ಸರಿ ಅಕ್ಕ. ಆದ್ರೆ ನಾನು ಹೂಂ ಅಂತೀನಿ ಅಂತ ನಿಮಗೆ..."

"ದಿನಾ ಕೇಳ್ತೀನಲ್ಲ ಮನೇಲಿ!"

ಅಂದಿನಿಂದ ಕಿರಿಸೊಸೆ ಮನೆಯಲ್ಲೇ ಅಭ್ಯಾಸಕ್ಕೆ ಶುರುಮಾಡಿದಳು. ಅತ್ತೆ ಕಥೆಯ ಅರ್ಧಕ್ಕೆ ಬಂದು ನಿಂತರೆ, ಇವಳು ತುಟಿ ಬಿಗಿದು ಪಾತ್ರೆ ಉಜ್ಜುತ್ತಿದ್ದಳು.

"ಕೇಳ್ತಿದೀಯೇನೇ?"

"ಸರಿ ಅತ್ತೆ."

"ಏನು ಸರಿ? ಕುಂಬಾರ ಬಾವಿಗೆ ಬಿದ್ದ ಅಂದೆ. ಅದು ಸರಿಯಾ?"

ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಎರಡನೆಯ ದಿನ ನಗಲಿಲ್ಲ. ನಾಲ್ಕನೆಯ ದಿನ ಅತ್ತೆ ಕಥೆ ನಿಲ್ಲಿಸಿಬಿಟ್ಟರು. "ಗೋಡೆಗೆ ಹೇಳಿದ್ರೆ ಅದಾದ್ರೂ ತಿರುಗಿ ಹೇಳುತ್ತೆ" ಎಂದು ದೇವರ ಮೂಲೆಗೆ ಹೋಗಿ ಕುಳಿತು, ಎಂದಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿದರು. ಅಡುಗೆಮನೆಯಲ್ಲಿ ಚಾಕು ಹಲಗೆಗೆ ತಾಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮಗಳು ಪುಸ್ತಕ ಎತ್ತಿಕೊಂಡು ಮಹಡಿಗೆ ಹೋಗತೊಡಗಿದಳು. ಚಿಕ್ಕಮ್ಮನಿಗೆ ಹೇಳುವುದನ್ನು ಬಿಟ್ಟ ಹುಡುಗಿ ಅಮ್ಮನ ಹತ್ತಿರವೇನೂ ಬರಲಿಲ್ಲ.

ಮನೆಗೆ ಕಾಲಿಟ್ಟಾಗ ತನ್ನನ್ನು ನೋಡಿ ನಿಲ್ಲಲು ಈಗ ನಗುವೇ ಇಲ್ಲ ಎಂಬುದು ಹಿರಿಸೊಸೆಗೆ ಎರಡು ದಿನ ಹಿತವಾಗಿಯೇ ಇತ್ತು.

*

ಎರಡನೆಯ ವಾರದ ಕೊನೆಗೆ ಏಳನೇ ಸಂಖ್ಯೆ ಮತ್ತೆ ಬಂತು. ಈ ಸಲ ಗ್ರಾಹಕಳ ವೇಷದಲ್ಲಿ ಒಬ್ಬ ಮುದುಕಿ. ಯಂತ್ರದ ದೂರು ಹೇಳುತ್ತ ಹೇಳುತ್ತ ಗಂಡನ ಮಂಡಿನೋವಿಗೆ ಬಂದಳು, ಬಿಸಿನೀರಿನ ಶಾಖವಿಲ್ಲದೆ ಅವನು ರಾತ್ರಿಯಿಡೀ ನರಳುತ್ತಾನೆಂದಳು. ಈ ಕಡೆಯಿಂದ ಒಂದು ಉಸಿರೂ ಇಲ್ಲ.

"ಇದ್ದೀಯೇನಮ್ಮ?"

"ಸರಿ ಮೇಡಂ."

"ಅಯ್ಯೋ, ನಾನು ಹೇಳಿದ್ದು ಕೇಳಿಸ್ತಾ?"

"ಸರಿ ಮೇಡಂ. ದೂರು ದಾಖಲಾಗಿದೆ ಮೇಡಂ."

ಆ ಪದಗಳು, ಆ ಏರಿಳಿತ, ಕೊನೆಯ 'ಮೇಡಂ' ಮೇಲಿನ ಆ ಸಣ್ಣ ಒತ್ತು: ಎಲ್ಲ ಹಿರಿಸೊಸೆಯದೇ. ಕನ್ನಡಿಯಲ್ಲಿ ಕಂಡಷ್ಟು ನಿಚ್ಚಳ. ಮುದುಕಿ, "ಇವರ ಹತ್ತಿರ ಏನು ಹೇಳೋದು" ಎಂದು ಯಾರಿಗೋ ಹೇಳುತ್ತ ಫೋನಿಟ್ಟಳು. ಗ್ರಾಹಕರು ನಡುವೆ ಕರೆ ಮುಗಿಸಿದರೆ ಸಮಾಧಾನಕ್ಕೆ ಸೊನ್ನೆ, ಅದು ನಿಯಮ. ಈ ಸಲ ಅವಳು ಯಾವ ಮೋಸವನ್ನೂ ಮಾಡಬೇಕಾಗಿರಲಿಲ್ಲ. ಸೊನ್ನೆ ಒತ್ತಿ ಹೆಡ್‌ಫೋನ್ ತೆಗೆದಿಟ್ಟಳು.

ಹವಾಮಾನ ಅವತ್ತು ಖುಷಿಯಲ್ಲಿದ್ದ. "ಫ್ಯಾನು ರಿಪೇರಿಯಾಯ್ತು ನೋಡಿದ್ರಾ? ಆ ಕಡೆಯವರು ಮುಗ್ಗರಿಸ್ತಿದಾರೆ ಅಂತ ಸುದ್ದಿ. ನಾವು ಬಚಾವ್."

"ಫ್ಯಾನು ರಿಪೇರಿ ಆದ್ರೆ ಮುಚ್ಚೋ ಲಕ್ಷಣ ಅಂದಿದ್ರಲ್ಲ?"

"ಗಾಳಿ ದಿಕ್ಕು ಬದಲಾಯ್ತು ಕಣ್ರೀ" ಎಂದು ಅವನು ಹಲ್ಲು ಬಿಟ್ಟ. ಆಮೇಲೆ ಮುಖ ಸಣ್ಣಗೆ ಮಾಡಿಕೊಂಡು, "ತಮಾಷೆ ಬಿಡಿ. ಮನೇಲಿ ಎರಡನೇ ಮಗು ಬರೋದಿದೆ. ಈ ವಯಸ್ಸಲ್ಲಿ ನಂಗೆ ಬೇರೆ ಕಡೆ ಯಾರು ಕುರ್ಚಿ ಹಾಕ್ತಾರೆ?" ಎಂದ. ಅದೂ ಸುಳ್ಳಾಗಿರಲಿಲ್ಲ.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಊಟಕ್ಕೆ ಕುಳಿತರು. ಹಿರಿಸೊಸೆಯ ಗಂಡ, ಮೆಕ್ಯಾನಿಕ್, ಎಂದಿನಂತೆ ತಟ್ಟೆಯಿಂದ ತಲೆಯೆತ್ತದೆ ಉಣ್ಣುತ್ತಿದ್ದ. ಕಿರಿಸೊಸೆ ಬಡಿಸುತ್ತ, "ಇನ್ನೊಂದು ವಾರ ಅಷ್ಟೇ ಅಂತೆ. ಹಿಂಗೇ ಆದ್ರೆ ಬರಬೇಡ ಅಂದ್ರು" ಎಂದಳು.

ಅವಳ ಗಂಡ ಬಡಗಿ ಎಡಗೈಯಿಂದ ಅನ್ನ ಕಲಸಲು ಹೆಣಗುತ್ತಿದ್ದವನು ತಟ್ಟೆ ದೂಡಿದ. "ಗೊತ್ತಿತ್ತು ನಂಗೆ. ಈ ಮನೇಲಿ ಒಬ್ಬರ ಸಂಬಳ ಮಾತ್ರ ಮೆರೀಬೇಕು ಅಂತ ಇದೆ. ಮುಂಚೆ ಇವಳು ನೆಟ್ಟಗೆ ಮಾತಾಡ್ತಿದ್ಲು. ಅತ್ತಿಗೆ ಪಾಠ ಶುರುಮಾಡಿದ ಮೇಲೆ ಮರದ ಗೊಂಬೆ ಆಗಿದಾಳೆ!"

"ಏನು ಮಾತಂತ ಆಡ್ತೀಯ?" ಎಂದ ಅಣ್ಣ, ಮೊದಲ ಸಲ ತಲೆಯೆತ್ತಿ.

"ಇದ್ದಿದ್ದೇ ಆಡ್ತೀನಿ. ಇವಳು ಮೇಲೆ ಬಂದ್ರೆ ಯಾರಿಗೆ ಉರಿಯುತ್ತೋ ಅವರಿಗೆ ಗೊತ್ತು."

ಹಿರಿಸೊಸೆ ಎದ್ದು ನಿಂತಳು. "ಎರಡು ತಿಂಗಳಿಂದ ಕೂತು ಉಣ್ತಿರೋದು ಯಾರ ಸಂಬಳದಲ್ಲಿ ಅಂತಾನೂ ಗೊತ್ತಿರಬೇಕು!"

ಮಾತು ಬಾಯಿಂದ ಬಿದ್ದಾಗಿತ್ತು. ಮಗಳು ತಟ್ಟೆ ನೋಡುತ್ತ ಕುಳಿತಳು. ಬಡಗಿಯ ಕಿವಿ ಕೆಂಪಾಯಿತು. ಆಗ ಕಿರಿಸೊಸೆ ಸೌಟು ಕೆಳಗಿಟ್ಟು ತನ್ನ ಗಂಡನ ಮೇಲೆಯೇ ಹರಿಹಾಯ್ದಳು.

"ಅಕ್ಕನಿಗೆ ಒಂದು ಮಾತೂ ಅನ್ನಬೇಡಿ. ಎಲ್ಲರಿಗಿಂತ ಹಿಂದೆ ಬಿದ್ದವಳಿಗೆ ಅಕ್ಕ ಒಬ್ಬರೇ ಕೂತು ಹೇಳಿಕೊಟ್ಟಿದ್ದು. ನಂಗೆ ಹತ್ತದಿದ್ರೆ ಅವರೇನು ಮಾಡ್ತಾರೆ? ಮಾರ್ಕು ಹಾಕೋವರು ಯಾರೋ ಎಲ್ಲೋ ಕೂತಿದಾರೆ. ಅವರಿಗೆ ನಾನು ಯಾರು ಅಂತ ಗೊತ್ತಾ?"

ಹಿರಿಸೊಸೆ ಕೈ ತೊಳೆಯುವ ನೆಪದಲ್ಲಿ ಹಿತ್ತಿಲಿಗೆ ಹೋದಳು. ನಲ್ಲಿ ತಿರುಗಿಸಿ, ತೊಳೆದ ಕೈಯನ್ನೇ ಮತ್ತೆ ಮತ್ತೆ ತೊಳೆದಳು.

ಸ್ವಲ್ಪ ಹೊತ್ತಿಗೆ ಅತ್ತೆ ಬಂದು ಹಿಂದೆ ನಿಂತರು. "ನೀರು ಖರ್ಚಾಗುತ್ತೆ, ನಿಲ್ಲಿಸು."

ನಿಲ್ಲಿಸಿದಳು.

"ಮೈದುನ ಆಡಿದ್ದು ಸುಳ್ಳೇನು?"

"ನಾನೇನು ಮಾಡಿದೆ ಅಂತ ಅತ್ತೆ?"

"ನಂಗೇನು ಗೊತ್ತು, ನಾನು ಕಚೇರಿ ಕಂಡವಳಲ್ಲ. ನೀನು ಅವಳ ಕಡೆ ನೋಡೋದು ಮಾತ್ರ ದಿನಾ ಕಂಡಿದೀನಿ." ಅತ್ತೆ ಕಟ್ಟೆಯ ಮೇಲೆ ಕುಳಿತರು. "ನೀನು ಈ ಮನೆಗೆ ಬಂದ ಹೊಸದರಲ್ಲಿ ನಾನು ನಿಂಗೂ ಹೇಳ್ತಿದ್ದೆ ಕಥೆ. ನೆನಪಿದೆಯಾ? ನೀನು ಬಸ್ಸಿಗೆ ಹೊತ್ತಾಯ್ತು ಅಂತಿದ್ದೆ. ತಪ್ಪಲ್ಲ. ನೀನು ದುಡೀಲಿ ಅಂತ ನಾನೇ ಕಳಿಸಿದ್ದು. ನೀನು ಹೊರಗೆ ಹೋದದ್ದರಿಂದ ನಾವು ಉಂಡ್ವಿ. ಅವಳು ಒಳಗಿದ್ದದ್ದರಿಂದ ನಾವು ನಕ್ವಿ. ಎರಡೂ ಬೇಕಾಗಿತ್ತಮ್ಮ."

ಹಿರಿಸೊಸೆ ಹಗ್ಗದ ಮೇಲಿದ್ದ ಟವೆಲ್ಲು ಎಳೆದು ಮುಖವನ್ನೆಲ್ಲ ಒತ್ತಿ ಒರೆಸಿಕೊಂಡಳು. ಅತ್ತೆ ಅವಳ ಮುಖ ನೋಡದೆ ಆಕಾಶ ನೋಡುತ್ತ, ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುತ್ತ ಕುಳಿತಿದ್ದರು.

*

ಸೋಮವಾರ ಬೆಳಿಗ್ಗೆ ಕಿರಿಸೊಸೆ ಊಟದ ಡಬ್ಬಿ ಕಟ್ಟಿ ಕೊಡುವಾಗ ಹಿರಿಸೊಸೆ ಬಾಗಿಲಲ್ಲೇ ನಿಂತಳು.

"ನಾನು ಹೇಳಿಕೊಟ್ಟಿದ್ದೆಲ್ಲ ಬಿಟ್ಟುಬಿಡು."

"ಯಾಕಕ್ಕ? ನಿನ್ನೆ ಅವರು ಅಂದಿದ್ದಕ್ಕಾ? ಅವರ ಬುದ್ಧಿ ನಿಮಗೆ ಗೊತ್ತಲ್ಲ..."

"ಅದಕ್ಕಲ್ಲ. ನೀನು ಮುಂಚೆ ಹೆಂಗೆ ಮಾತಾಡ್ತಿದ್ದೆಯೋ ಹಂಗೇ ಮಾತಾಡು. ಮಗು, ಮನೆ, ಮಂಡಿನೋವು, ಏನು ಬೇಕಾದ್ರೂ ಕೇಳು."

"ಹಂಗೆ ಮಾಡಿದ್ರೆ ಮಾರ್ಕು?"

"ಬರುತ್ತೆ."

"ನಿಮಗೆ ಹೆಂಗೆ ಗೊ..." ಕಿರಿಸೊಸೆಯ ಮಾತು ಅಲ್ಲೇ ನಿಂತಿತು. ಅವಳು ಯಾರಿಗೂ ಮಂಡಿನೋವಿನ ಮುದುಕಿಯ ವಿಷಯ ಹೇಳಿರಲಿಲ್ಲ. ಇಬ್ಬರೂ ಒಂದೇ ಡಬ್ಬಿಯನ್ನು ಎರಡು ಕಡೆಯಿಂದ ಹಿಡಿದುಕೊಂಡು ನಿಂತರು. ಕಿರಿಸೊಸೆಯ ಕಣ್ಣು ಮೊದಲು ಅಗಲವಾಯಿತು, ಆಮೇಲೆ ತುಂಬಿತು. ಬೈಗುಳ ಬರುತ್ತದೆಂದು ಹಿರಿಸೊಸೆ ಕಾದಳು. ಬಂದಿದ್ದರೆ ಹಗುರಾಗುತ್ತಿತ್ತು.

"ನಿಮ್ಮ ಕಚೇರಿಗೇನಾ ಅಕ್ಕ ನಾನು ಹೋಗ್ತಿರೋದು? ನಿಮ್ಮ ಜಾಗಕ್ಕಾ?"

"ಗೊತ್ತಿಲ್ಲ. ಹಂಗಂತಾರೆ."

ಕಿರಿಸೊಸೆ ಕಣ್ಣೊರೆಸಿಕೊಂಡಳು. ಡಬ್ಬಿಯನ್ನು ಬಿಟ್ಟಳು. "ಐದಕ್ಕೆ ಐದೂ ಕೊನೆ ಬಂದಿತ್ತು ಅಕ್ಕ" ಎಂದಳು, ಅಷ್ಟೇ, ಮತ್ತು ಒಳಗೆ ಹೋದಳು.

ಕಚೇರಿಯಲ್ಲಿ ಫ್ಯಾನು ತಿರುಗುತ್ತಿತ್ತು. ಯಾರೋ ಇಬ್ಬರು ಟೇಪು ಹಿಡಿದು ಗೋಡೆ ಅಳೆಯುತ್ತಿದ್ದರು. ಬಣ್ಣ ಬಳಿಯಲೋ, ಇನ್ನೊಬ್ಬರಿಗೆ ಬಾಡಿಗೆ ಕೊಡಲೋ ಎಂದು ಹವಾಮಾನ ಎರಡು ಗುಂಪಿಗೆ ಎರಡು ಮುನ್ಸೂಚನೆ ಕೊಡುತ್ತಿದ್ದ. ಹಿರಿಸೊಸೆ ಯಾರ ಜೊತೆಯೂ ಮಾತಾಡದೆ ಕುರ್ಚಿ ಎಳೆದುಕೊಂಡಳು. ಏಳನೇ ಸಂಖ್ಯೆಯ ಮೊದಲ ವಾರದ ಮಾತುಕತೆಗಳನ್ನು ಒಂದೊಂದಾಗಿ ತೆರೆದು, ಪೂರ್ತಿ ಕೇಳಿದಳು. ಗಂಡಸು ಮತ್ತೆ ಕಿರುಚಿದ, ಮತ್ತೆ ತಡವರಿಸಿದ, ಮತ್ತೆ ನಕ್ಕ.

"ಏನ್ರೀ, ಹಳೇದೆಲ್ಲ ಯಾಕೆ ಕೆದಕ್ತಿದೀರ?" ಹವಾಮಾನ ಬೆನ್ನ ಹಿಂದೆ ನಿಂತಿದ್ದ. ಪರದೆ ನೋಡಿ ಅವನ ದನಿ ಕುಸಿಯಿತು. "ಏರಿಸ್ತಿದೀರಾ? ನಮ್ಮೆಲ್ಲರ ಅನ್ನ ಕಣ್ರೀ ಅದು."

"ಗೊತ್ತು" ಎಂದಳು. "ಇದು ಅವಳದು."

ಅವನು ಪರದೆಯಿಂದ ಹಿಂದೆ ಸರಿದ. ಗೋಡೆಯ ಬಳಿ ಟೇಪು ಸರ್ರನೆ ಮಡಚಿಕೊಂಡ ಸದ್ದಾಯಿತು.

ಐದೂ ಮಾತುಕತೆಯ ಸಮಾಧಾನದ ಕಲಮಿನಲ್ಲಿ ಸೊನ್ನೆ ಅಳಿಸಿ, ಸಿಗಬೇಕಾಗಿದ್ದಷ್ಟನ್ನು ತುಂಬಿದಳು. ಒಂದು ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಅಂಕ ಬದಲಿಸಿದ್ದಕ್ಕೆ ಕಾರಣವೇನೆಂದು ಪರದೆ ಕೇಳಿತು. ಯಂತ್ರದ ದೋಷ ಎಂದು ಆರಿಸಬಹುದಿತ್ತು. ಎಲ್ಲರೂ ಅದನ್ನೇ ಆರಿಸುತ್ತಿದ್ದರು. ಹಿರಿಸೊಸೆ 'ಕೇಳಿ ಅಂಕ ಹಾಕಿದವರ ತಪ್ಪು' ಎಂಬುದರ ಮೇಲೆ ಒತ್ತಿ, ಕೆಳಗೆ ತನ್ನ ಹೆಸರು ಬರೆದು, ಕಳಿಸಿದಳು.